ಚೌಬಾರದ ಸುತ್ತ: ದಟ್ಟಣೆಯ ವಿಜ್ಞಾನ ಬೆಳೆದ ಕಥೆ



ಬೀದರಿನ ಹಳೆಯ ಪೇಟೆಯ ನಡುವೆ ಚೌಬಾರ ಎಂಬ ದುಂಡನೆಯ ಕಾವಲು ಗೋಪುರವಿದೆ. ಎತ್ತರ ಸುಮಾರು 71 ಅಡಿ. ಊರಿನ ಮುಖ್ಯ ಬೀದಿಗಳು ಕೂಡುವುದು ಅದರ ಬುಡದಲ್ಲೇ. ಸಂಜೆಯ ಹೊತ್ತು ಅಲ್ಲಿ ನಿಂತು ನೋಡಿ. ಆಟೋ, ಸ್ಕೂಟರ್, ತಳ್ಳುಗಾಡಿ, ನಡೆದು ಹೋಗುವವರು. ಎಲ್ಲರಿಗೂ ಅವಸರ, ಸಾಗುವುದು ಮಾತ್ರ ಆಮೆಯ ನಡಿಗೆಯಲ್ಲಿ. ಈ ಗದ್ದಲಕ್ಕೂ ಒಂದು ನಿಯಮ ಉಂಟೇ? ಉಂಟು. ಅದನ್ನು ಕಂಡುಕೊಂಡ ಕಥೆಯೇ ಈ ಲೇಖನ.

ಇಕ್ಕಟ್ಟಿನ ಶಕ್ತಿಯನ್ನು ಬೀದರಿನ ಕೋಟೆ ಕಟ್ಟಿದವರು ಅರಿತಿದ್ದರು. ಕೋಟೆಯ ಪ್ರವೇಶದ ದಾರಿ ನೇರವಾಗಿಲ್ಲ. ಬಾಗಿಲಿನಿಂದ ಬಾಗಿಲಿಗೆ ತಿರುಗಿ ತಿರುಗಿ ಹೋಗಬೇಕು. 1503ರ ಶರ್ಜಾ ದರ್ವಾಜಾ ಈ ಸಾಲಿನಲ್ಲಿ ಒಂದು. ನುಗ್ಗಿ ಬರುವ ಸೇನೆಯ ವೇಗ ಆ ತಿರುವಿನಲ್ಲಿ ಮುರಿಯುತ್ತಿತ್ತು. ಅಂದು ಶತ್ರುವನ್ನು ತಡೆಯಲು ಬಳಸಿದ ತತ್ತ್ವವೇ ಇಂದು ಬಸ್ಸು ಹಿಡಿಯಲು ಹೊರಟ ನಿಮ್ಮನ್ನೂ ತಡೆಯುತ್ತದೆ.

ಈ ಅನುಭವಕ್ಕೆ ಲೆಕ್ಕದ ರೂಪ ಬಂದದ್ದು 1930ರ ದಶಕದಲ್ಲಿ. ಅಮೆರಿಕದ ಓಹಾಯೋದಲ್ಲಿ ಬ್ರೂಸ್ ಗ್ರೀನ್‌ಶೀಲ್ಡ್ಸ್ ಎಂಬ ಎಂಜಿನಿಯರ್ ರಸ್ತೆಯ ಬದಿಗೆ ಚಲನಚಿತ್ರ ಕ್ಯಾಮೆರಾ ಇಟ್ಟು ವಾಹನಗಳನ್ನು ಚಿತ್ರೀಕರಿಸಿದರು. ವಾಹನಗಳು ದಟ್ಟವಾದಷ್ಟೂ ವೇಗ ಇಳಿಯುತ್ತದೆಂದು 1935ರಲ್ಲಿ ತೋರಿಸಿದರು. ಸಾಂದ್ರತೆಯನ್ನು ವೇಗದಿಂದ ಗುಣಿಸಿದರೆ ಹರಿವು ಸಿಗುತ್ತದೆ. ಒಂದು ಉದಾಹರಣೆ ನೋಡೋಣ. ಕಿಲೋಮೀಟರಿಗೆ 20 ವಾಹನಗಳಿದ್ದು ವೇಗ ಗಂಟೆಗೆ 50 ಕಿಲೋಮೀಟರ್ ಆದರೆ, ಗಂಟೆಗೆ 1000 ವಾಹನಗಳು ದಾಟುತ್ತವೆ. 100 ವಾಹನಗಳು ತುಂಬಿ ವೇಗ 10ಕ್ಕೆ ಇಳಿದರೂ ದಾಟುವುದು ಅದೇ 1000! ರಸ್ತೆ ತುಂಬಿದೆ, ಕೆಲಸ ಹೆಚ್ಚಿಲ್ಲ.

1955ರಲ್ಲಿ ಇಂಗ್ಲೆಂಡಿನ ಲೈಟ್‌ಹಿಲ್ ಮತ್ತು ವಿದಮ್ ಎಂಬ ಗಣಿತಜ್ಞರು ಎರಡು ಪ್ರಬಂಧಗಳನ್ನು ಒಟ್ಟಿಗೆ ಪ್ರಕಟಿಸಿದರು. ಮೊದಲನೆಯದು ನದಿಯ ಪ್ರವಾಹದ ಬಗ್ಗೆ, ಎರಡನೆಯದು ವಾಹನಗಳ ಬಗ್ಗೆ. ನಮ್ಮ ಮಾಂಜ್ರಾ ನದಿಯ ನೆರೆಗೂ ಭಾಲ್ಕಿ ರಸ್ತೆಯ ವಾಹನಗಳ ಸಾಲಿಗೂ ಒಂದೇ ಬಗೆಯ ಸಮೀಕರಣ ಹೊಂದುತ್ತದೆ ಎಂದರೆ ಸೋಜಿಗವಲ್ಲವೇ? ಕಬ್ಬು ಹೇರಿದ ಟ್ರ್ಯಾಕ್ಟರ್ ಒಂದು ಗಳಿಗೆ ನಿಂತರೆ ಹಿಂದಿನದು ನಿಲ್ಲುತ್ತದೆ, ಅದರ ಹಿಂದಿನದೂ ನಿಲ್ಲುತ್ತದೆ. ವಾಹನಗಳು ಮುಂದಕ್ಕೆ ಹೋಗುತ್ತವೆ, ತಡೆಯ ಅಲೆ ಹಿಂದಕ್ಕೆ ಬರುತ್ತದೆ. 2008ರಲ್ಲಿ ಜಪಾನಿನ ವಿಜ್ಞಾನಿಗಳು 230 ಮೀಟರ್ ಸುತ್ತಳತೆಯ ವೃತ್ತದಲ್ಲಿ 22 ಕಾರುಗಳನ್ನು ಓಡಿಸಿದರು. ಅಡ್ಡಿ ಏನೂ ಇಲ್ಲದಿದ್ದರೂ ಇಂತಹ ಅಲೆ ತಾನಾಗಿಯೇ ಹುಟ್ಟಿತು.

ಆದರೆ ಆ ಸಮೀಕರಣಗಳಲ್ಲಿ ವಾಹನಗಳು ಒಂದರ ಹಿಂದೊಂದು ಸಾಲಾಗಿ ಚಲಿಸುತ್ತವೆ. ನಮ್ಮಲ್ಲಿ ಎತ್ತಿನ ಬಂಡಿ, ಬೈಸಿಕಲ್, ಲಾರಿ ಎಲ್ಲವೂ ಅಕ್ಕಪಕ್ಕ. 1934ರಲ್ಲಿ ಸ್ಥಾಪನೆಯಾದ ಭಾರತೀಯ ರಸ್ತೆ ಕಾಂಗ್ರೆಸ್ ಇದಕ್ಕೊಂದು ಅಳತೆ ಕೊಟ್ಟಿತು. ಅದರ ಲೆಕ್ಕದಲ್ಲಿ ಸ್ಕೂಟರ್ ಅರ್ಧ ಕಾರಿಗೆ ಸಮ. ಎತ್ತಿನ ಬಂಡಿ 6ರಿಂದ 8 ಕಾರುಗಳಿಗೆ ಸಮ!

ಇನ್ನು ಜನಸಂದಣಿ. 1995ರಲ್ಲಿ ಜರ್ಮನಿಯ ಹೆಲ್ಬಿಂಗ್ ಮತ್ತು ಮೋಲ್ನಾರ್ ಮನುಷ್ಯರ ನಡಿಗೆಯನ್ನು ಬಲಗಳ ರೂಪದಲ್ಲಿ ಬರೆದರು. ಗುರಿಯ ಕಡೆಗೆ ಸೆಳೆತ, ಗೋಡೆಯಿಂದಲೂ ಇತರರಿಂದಲೂ ವಿಕರ್ಷಣೆ. 2000ದಲ್ಲಿ ಹೆಲ್ಬಿಂಗ್ ಮತ್ತು ಸಂಗಡಿಗರು ಕಂಪ್ಯೂಟರಿನಲ್ಲಿ ಕಂಡದ್ದು ವಿಚಿತ್ರ: ಬಾಗಿಲ ಬಳಿ ಎಲ್ಲರೂ ಅವಸರಪಟ್ಟರೆ ಎಲ್ಲರೂ ಹೊರಬರಲು ಹೆಚ್ಚು ಹೊತ್ತು ಹಿಡಿಯುತ್ತದೆ. ಔರಾದಿನ ಅಮರೇಶ್ವರ ಜಾತ್ರೆಯಾಗಲಿ, ಎದೆಮಟ್ಟದ ನೀರಿನಲ್ಲಿ ಸಾಗುವ ಝರಣಿ ನರಸಿಂಹ ಗುಹೆಯಾಗಲಿ, ಈ ಮಾತು ನೆನಪಿರಲಿ. 2009ರ ಮತ್ತೊಂದು ಅಧ್ಯಯನ ಭಾರತೀಯರನ್ನೂ ಜರ್ಮನರನ್ನೂ ಸಾಲಾಗಿ ನಡೆಸಿ ಅಳೆಯಿತು. ಮುಂದಿನವರಿಂದ ನಾವು ಬಿಡುವ ಅಂತರ ಅವರಿಗಿಂತ ಕಡಿಮೆ. ಅಂದಮೇಲೆ ಎಚ್ಚರ ನಮಗೇ ಹೆಚ್ಚು ಬೇಕು.

2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ನೂಕುನುಗ್ಗಲಾಗಿ 11 ಜನ ತೀರಿಕೊಂಡರು. ಇಂತಹ ದುರಂತಗಳನ್ನು ನಾವು ಕಾಲ್ತುಳಿತ ಎನ್ನುತ್ತೇವೆ. ಆ ಪದ ಜನರು ಓಡಿ ತುಳಿದರೆಂಬ ಚಿತ್ರ ಕೊಡುತ್ತದೆ. ಆದರೆ ದಟ್ಟ ಗುಂಪುಗಳಲ್ಲಿ ಹೆಚ್ಚಿನ ಸಾವು ಎದೆ ಅದುಮಿ ಉಸಿರು ಕಟ್ಟುವುದರಿಂದ. ಚದರ ಮೀಟರಿಗೆ ಸುಮಾರು 7 ಜನ ಸೇರಿದರೆ ಗುಂಪು ದ್ರವದಂತೆ ತೂಗಾಡತೊಡಗುತ್ತದೆ. ಆಗ ಯಾರ ಕಾಲೂ ಅವರ ಹಿಡಿತದಲ್ಲಿರುವುದಿಲ್ಲ. ಹಿಂದಿನವರಿಗೆ ಮುಂದಿನವರ ಸಂಕಟ ಕಾಣುವುದಿಲ್ಲ. ಆದ್ದರಿಂದ ತಪ್ಪನ್ನು ಗುಂಪಿನ ಮೇಲೆ ಹೊರಿಸುವ ಮುನ್ನ ಬಾಗಿಲುಗಳ ಅಗಲವನ್ನೂ ಒಳಬಿಟ್ಟವರ ಸಂಖ್ಯೆಯನ್ನೂ ಕೇಳಬೇಕು.

ಜಾತ್ರೆಯಲ್ಲಿ ಭುಜಕ್ಕೆ ಭುಜ ತಗುಲುತ್ತಿದೆ ಎನಿಸಿದಾಗಲೇ ಅಂಚಿಗೆ ಸರಿಯಿರಿ. ಕೈಗಳನ್ನು ಎದೆಯ ಮುಂದೆ ಮಡಚಿ ಉಸಿರಿಗೆ ಜಾಗ ಉಳಿಸಿಕೊಳ್ಳಿ. ಎಂದೂ ಹಿಂದಿನಿಂದ ತಳ್ಳಬೇಡಿ.

ಮುಂದಿನ ಸಲ ಚೌಬಾರದ ಬಳಿ ಹೋದಾಗ ಗಡಿಯಾರ ಹಿಡಿದು, ಬೀದಿಯ ಬದಿಯಲ್ಲಿ ನಿಂತು, ಐದು ನಿಮಿಷದಲ್ಲಿ ಎಷ್ಟು ವಾಹನ ದಾಟುತ್ತವೆಂದು ಎಣಿಸಿ ನೋಡಿ. ಗ್ರೀನ್‌ಶೀಲ್ಡ್ಸ್ ಕೂಡ ರಸ್ತೆಯ ಬದಿಯಿಂದಲೇ ಆರಂಭಿಸಿದ್ದು.