ಮೈತ್ರಿ–ಉಪೇಕ್ಷಾ ಭಾವನೆ

ಮೈತ್ರಿ–ಉಪೇಕ್ಷಾ ಭಾವನೆ: ಸಕಲ ಜೀವಿಗಳ ಬಗೆಗೆ ಹಿತಚಿಂತನೆಯನ್ನೂ ಸುಖದುಃಖಗಳಲ್ಲಿ ಸಮಚಿತ್ತವನ್ನೂ ಬೆಳೆಸುವ ಬೌದ್ಧ ಧ್ಯಾನಾಭ್ಯಾಸ. ಪಾಳಿಯಲ್ಲಿ ಮೆತ್ತಾ, ಉಪೇಕ್ಖಾ. ಕರುಣೆ, ಮುದಿತೆ (ಪರರ ಸುಖಕ್ಕೆ ಹಿಗ್ಗುವುದು) ಇವುಗಳೊಡನೆ ಇವು ನಾಲ್ಕು ಬ್ರಹ್ಮವಿಹಾರಗಳೆನಿಸುತ್ತವೆ. 5ನೆಯ ಶತಮಾನದ ಪಾಳಿ ವ್ಯಾಖ್ಯಾನಕಾರ ಬುದ್ಧಘೋಷ ‘ವಿಸುದ್ಧಿಮಗ್ಗ’ದ 9ನೆಯ ಅಧ್ಯಾಯದಲ್ಲಿ ಇವನ್ನು ವಿವರಿಸಿದ್ದಾನೆ.

ಸಾಧಕ ಮೊದಲು ತನಗೆ, ಬಳಿಕ ಆಪ್ತರಿಗೆ, ತಟಸ್ಥರಿಗೆ, ಕೊನೆಗೆ ವೈರಿಗೂ ಒಳಿತನ್ನು ಹಾರೈಸುತ್ತಾನೆ. ಮೈತ್ರಿಯ ವೇಷದಲ್ಲಿ ಮೋಹ, ಉಪೇಕ್ಷೆಯ ವೇಷದಲ್ಲಿ ಅಜ್ಞಾನದ ಉದಾಸೀನ ನುಸುಳದಂತೆ ಸ್ಮೃತಿ, ಅಂದರೆ ಎಚ್ಚರ, ಕಾಯುತ್ತದೆ. ಆಡುಗನ್ನಡದಲ್ಲಿ ‘ಉಪೇಕ್ಷೆ’ಗೆ ಅಲಕ್ಷ್ಯವೆಂಬ ಅರ್ಥವಿದ್ದರೂ ಇಲ್ಲಿ ಅದು ಪಕ್ಷಪಾತವಿಲ್ಲದ ನೋಟ.

ಕಲಬುರಗಿ ಜಿಲ್ಲೆಗೆ ಈ ಮೌಲ್ಯಗಳ ನಂಟು ಹಳೆಯದು. ಭೀಮಾ ದಡದ ಸನ್ನತಿಯ ಚಂದ್ರಲಾಂಬಾ ಗುಡಿಯ ಆವರಣದಲ್ಲಿ, ದೇವಿಯ ವಿಗ್ರಹದ ಪೀಠವಾಗಿದ್ದ ಕಲ್ಲಿನ ಮೇಲೆ ಅಶೋಕನ ಶಾಸನಗಳು 1986ರಲ್ಲಿ ಪತ್ತೆಯಾದವು. ಪರಮತ ಗೌರವವನ್ನು ಸಾರುವ 12ನೆಯ ಶಾಸನದ ಜೊತೆಗೆ, ಅಧಿಕಾರಿಗಳು ಅಸೂಯೆ, ಕ್ರೌರ್ಯ, ಆತುರಗಳನ್ನು ತೊರೆದು ನಿಷ್ಪಕ್ಷಪಾತಿಗಳಾಗಿರಬೇಕೆಂಬ ಪ್ರತ್ಯೇಕ ಶಾಸನವೂ ಆ ಕಲ್ಲಿನ ಮೇಲಿದೆ. ಸಮೀಪದ ಕನಗನಹಳ್ಳಿಯಲ್ಲಿ ಮಹಾಸ್ತೂಪದ ಅವಶೇಷಗಳಿವೆ.

ಕಲಬುರಗಿ ನಗರದ ಬುದ್ಧವಿಹಾರ 2009ರಲ್ಲಿ ಉದ್ಘಾಟನೆಯಾಯಿತು. ಅದರ ನೆಲಮಾಳಿಗೆಯಲ್ಲಿ ಧ್ಯಾನಕೇಂದ್ರವಿದೆ.