ಹಾರವಿಲ್ಲದೆ ಕಾದ ವರ್ಷಗಳು

ನವೆಂಬರ್ ಮುಗಿಯುತ್ತಿದ್ದಂತೆ ಬ್ರಹ್ಮಾವರದಿಂದ ಕುಂದಾಪುರ ದಾಟಿ ಬೈಂದೂರಿನವರೆಗೆ ಕ್ರೈಸ್ತರ ಮನೆಗಳ ಮುಂದೆ ನಕ್ಷತ್ರ ತೂಗುತ್ತದೆ. ಕ್ರಿಸ್ಮಸ್ ಶುರುವಾಯಿತು ಎಂದೇ ನಾವು ಅಂದುಕೊಂಡಿದ್ದೆವು. ಚರ್ಚಿನ ಲೆಕ್ಕದಲ್ಲಿ ಅದು ಹಬ್ಬವಲ್ಲ, ಹಬ್ಬಕ್ಕಾಗಿ ಕಾಯುವ ಸಮಯ. ಹೆಸರು ಆಗಮನ ಕಾಲ, ಇಂಗ್ಲಿಷಿನಲ್ಲಿ ಅಡ್ವೆಂಟ್.

ಕಥೋಲಿಕ ಚರ್ಚುಗಳಲ್ಲಿ ಇದು ಕ್ರಿಸ್ಮಸ್ಸಿಗೆ ಮುಂಚಿನ ನಾಲ್ಕು ಭಾನುವಾರಗಳ ಕಾಲ. ಗುರುಗಳ ಉಡುಪು ನೇರಳೆ, ಅಂದರೆ ಪಶ್ಚಾತ್ತಾಪದ ಬಣ್ಣ. ಹಸಿರೆಲೆಯ ದುಂಡು ಹಾರದಲ್ಲಿ ವಾರಕ್ಕೊಂದರಂತೆ ಮೇಣದ ಬತ್ತಿ ಹಚ್ಚುತ್ತಾರೆ. ಮೂರನೆಯದು ಗುಲಾಬಿ ಬಣ್ಣದ್ದು: ಸಂತೋಷ ಹತ್ತಿರ ಬಂತೆಂಬ ಸೂಚನೆ. ದುಂಡಗಿನದಕ್ಕೆ ಮೊದಲಿಲ್ಲ, ಕೊನೆಯಿಲ್ಲ. ದೇವರ ಪ್ರೀತಿಯೂ ಹಾಗೆ ಎಂದು ಅರ್ಥ.

ಈ ಹಾರ ಬಹಳ ಹಳೆಯದೇನಲ್ಲ. 1839ರಲ್ಲಿ ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಬಡಮಕ್ಕಳನ್ನು ಸಾಕುತ್ತಿದ್ದ ಯೋಹಾನ್ ಹಿನ್ರಿಕ್ ವಿಖೆರ್ನ್ ಎಂಬ ಪ್ರೊಟೆಸ್ಟೆಂಟ್ ಪಾದ್ರಿ, ಮಕ್ಕಳಿಗೆ ಹಬ್ಬದ ದಿನ ಎಣಿಸಿ ತೋರಿಸಲು ಗಾಡಿಯ ಚಕ್ರದ ಮೇಲೆ ಬತ್ತಿ ಇಟ್ಟರು. ಗೋದಲಿ ಇನ್ನೂ ಹಿಂದಿನದು. 1223ರಲ್ಲಿ ಇಟಲಿಯ ಗ್ರೆಚ್ಚೊ ಊರಿನಲ್ಲಿ ಸಂತ ಫ್ರಾನ್ಸಿಸ್ ಹುಲ್ಲು, ಎತ್ತು, ಕತ್ತೆಗಳ ನಡುವೆ ಅದನ್ನು ಮಾಡಿಸಿದ್ದರು.

ಕುಂದಾಪುರದ ಹೋಲಿ ರೋಸರಿ ಚರ್ಚಿನ ಇತಿಹಾಸ 1570ಕ್ಕೆ ಹೋಗುತ್ತದೆ. ಅಂದರೆ ಕಡಿಮೆಯೆಂದರೂ ಸುಮಾರು 270 ವರ್ಷ ಇಲ್ಲಿನವರು ಈ ಹಾರವಿಲ್ಲದೆಯೇ ಕಾದರು. ಗೋವಾದಿಂದ ಬಂದ ಸಂತ ಜೋಸೆಫ್ ವಾಜ್ 1681ರ ನಂತರ ಕೆನರಾದಲ್ಲಿ ಸೇವೆ ಮಾಡಿದಾಗಲೂ ಅದಿರಲಿಲ್ಲ.

1784ರಲ್ಲಿ ಟಿಪ್ಪು ಸುಲ್ತಾನ್ ಕೆನರಾದ ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಿದ. ಬದುಕುಳಿದವರು ಮರಳಿದ್ದು 1799ರಲ್ಲಿ ಅವನು ಮಡಿದ ಮೇಲೆ. ನಡುವೆ ಹದಿನೈದು ಡಿಸೆಂಬರ್ ಕಳೆದವು. 'ಬರುವವನಿಗಾಗಿ ಕಾಯುವುದು' ಎಂಬ ಮಾತು ಅವರಿಗೆ ಹೇಗೆ ಕೇಳಿಸಿರಬಹುದು?

ಬ್ರಹ್ಮಾವರದ ಸಿರಿಯನ್ ಆರ್ಥೊಡಾಕ್ಸ್ ಸಮುದಾಯದ ರೀತಿ ಬೇರೆ. 19ನೇ ಶತಮಾನದ ಕೊನೆಗೆ ಅಲ್ವಾರೆಸ್ ಮಾರ್ ಜೂಲಿಯಸ್ ಮತ್ತು ಫಾದರ್ ಆರ್. ಝಡ್. ನೊರೊನ್ಹಾ ಅವರ ಕಾಲದಲ್ಲಿ ಬೆಳೆದ ಸಮುದಾಯವಿದು. ಇವರ ಸಭೆಯಲ್ಲಿ ಡಿಸೆಂಬರ್ 1ರಿಂದ 25ರವರೆಗೆ ಉಪವಾಸ ಕಾಲ. ಇಲ್ಲಿ ಕಾಯುವುದು ಬತ್ತಿಯಿಂದಲ್ಲ, ಊಟದ ತಟ್ಟೆಯಿಂದ.

ನಮ್ಮ ಕರಾವಳಿಯೂ ಇದಕ್ಕೆ ತನ್ನದೊಂದನ್ನು ಸೇರಿಸಿದೆ. ಗೋದಲಿಗೆಂದು ಕೆಲವು ದಿನ ಮೊದಲೇ ತಟ್ಟೆಯಲ್ಲಿ ರಾಗಿಯನ್ನೋ ಭತ್ತವನ್ನೋ ಮೊಳಕೆ ಬರಿಸುತ್ತಾರೆ. ಈ ಸಲ ನೆರೆಮನೆಯವರು ಕುಸ್ವಾರ್ ತಿನ್ನಲು ಕರೆದರೆ, ಆ ಎಳೆ ಪೈರನ್ನೂ ಒಮ್ಮೆ ನೋಡಿ ಬನ್ನಿ. ಬಿತ್ತಿ ಕಾಯುವುದು ನಮಗೆಲ್ಲ ಗೊತ್ತಿರುವ ಕೆಲಸವೇ.