ಗಣಿತಸಾರಸಂಗ್ರಹ: ಎರಡು ನುಡಿಗಳ ಸೊತ್ತು

ಸುಮಾರು ಕ್ರಿ.ಶ. 850ರಲ್ಲಿ, ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಜೈನ ವಿದ್ವಾಂಸ ಮಹಾವೀರಾಚಾರ್ಯರು ಸಂಸ್ಕೃತದಲ್ಲಿ ರಚಿಸಿದ ಗ್ರಂಥವಿದು. ಜ್ಯೋತಿಷದ ಅಂಗವಾಗಿದ್ದ ಗಣಿತವನ್ನು ಬೇರ್ಪಡಿಸಿ, ಪರಿಭಾಷೆಯಿಂದ ಮೊದಲುಮಾಡಿ ಸ್ವತಂತ್ರ ಶಾಸ್ತ್ರವಾಗಿ ಕ್ರಮಬದ್ಧವಾಗಿ ಕಟ್ಟಿದ್ದು ಇದರ ಹಿರಿಮೆ. ಋಣಸಂಖ್ಯೆಗೆ ವರ್ಗಮೂಲವಿಲ್ಲ ಎಂದು ಇದು ಸ್ಪಷ್ಟವಾಗಿ ಹೇಳುತ್ತದೆ.

139 × 109 = 15151

ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ ಆಗುವ ಇಂಥ ಗುಣಲಬ್ಧಗಳು ಆಚಾರ್ಯರಿಗೆ ಕೊರಳ ಹಾರದಂತೆ ಕಂಡಿದ್ದವು.

11ನೇ ಶತಮಾನದಲ್ಲಿ ಪಾವುಲೂರಿ ಮಲ್ಲನ ಇದನ್ನು ತೆಲುಗಿಗೆ ತಂದರು; ಇದೇ ಗಣಿತ ಪರಂಪರೆಯಲ್ಲಿ 12ನೇ ಶತಮಾನದಲ್ಲಿ ರಾಜಾದಿತ್ಯ ಕನ್ನಡದಲ್ಲಿ ‘ವ್ಯವಹಾರಗಣಿತ’ ಬರೆದರು. ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ, ಅಂದರೆ ಇಂದಿನ ಮಳಖೇಡ, ಕಾಗಿಣಾ ನದಿಯ ದಂಡೆಯಲ್ಲಿದೆ. ಆ ನೀರು ಭೀಮೆಯ ಮೂಲಕ ಕೃಷ್ಣೆ ಸೇರಿ ಗದ್ವಾಲದತ್ತ ಹರಿಯುತ್ತದೆ. ಕನ್ನಡ, ತೆಲುಗು ಎರಡನ್ನೂ ಆಡುವ ನಾರಾಯಣಪೇಟೆ, ಮಕ್ತಲ್, ಗದ್ವಾಲ ಸೀಮೆಗೆ ಈ ಪರಂಪರೆ ಎರಡು ಕಡೆಯಿಂದಲೂ ಸ್ವಂತದ್ದು.